ಇಂಗ್ಲೆಂಡಿನಲ್ಲಿ ಶುಗರ್ ಇರುವವರಿಗೆ ಔಷಧ ಪುಕ್ಕಟೆ: ಇರಬೇಕೇ, ಬೇಡವೇ?

ಪರ

ನಮ್ಮಪ್ಪ ಹಾವೇರಿಯಲ್ಲಿ ಶುಗರ್ ಮಾತ್ರೆಯನ್ನು ಶೇವಿಂಗ್ ಬ್ಲೇಡಿನಿಂದ ಎರಡು ಮಾಡಿಕೊಳ್ಳುತ್ತಿದ್ದರು. ತಿಂಗಳ ಮೊದಲೆರಡು ವಾರ ಇಡೀ ಮಾತ್ರೆ, ಆಮೇಲೆ ಅರ್ಧ. ಚೂರುಗಳನ್ನು ಕಾಗದದಲ್ಲಿ ಸುತ್ತಿ ಅಡಕೆ ಡಬ್ಬಿಯಲ್ಲಿಡುತ್ತಿದ್ದರು. "ಸ್ವಲ್ಪ ಕಮ್ಮಿ ತಗೊಂಡ್ರ ಏನೂ ಆಗಂಗಿಲ್ಲ ಬಿಡವಾ" ಅನ್ನೋರು. ಕಾಲಿನ ಹುಣ್ಣು ಮಾಯಲಿಲ್ಲ. ಮೊದಲು ಒಂದು ಬೆರಳು ಹೋಯಿತು, ಮರುವರ್ಷ ಪಾದ. ಬಿಲ್ಲು ಕಟ್ಟಲು ಮನೆ ಹಿಂದಿನ ಜಾಗ ಮಾರಿದೆವು. ಅರ್ಧ ಮಾತ್ರೆಯಿಂದ ಅವರು ಉಳಿಸಿದ್ದೆಷ್ಟು ಎಂದು ಲೆಕ್ಕ ಹಾಕಲು ನನಗಿನ್ನೂ ಧೈರ್ಯ ಬಂದಿಲ್ಲ.

ಕಳೆದ ವರ್ಷ ಲೆಸ್ಟರಿನಲ್ಲಿ ನನಗೇ ಶುಗರ್ ಬಂತು, 43ನೇ ವಯಸ್ಸಿಗೆ. ನಮ್ಮ ದಕ್ಷಿಣ ಏಷ್ಯಾದವರಿಗೆ ಟೈಪ್ 2 ಶುಗರ್ ಬಿಳಿಯರಿಗಿಂತ ಬೇಗ ಬರುತ್ತದಂತೆ, ಬಂತು. ಜಿಪಿ, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರು, ಮೂರು ಔಷಧ ಬರೆದರು: ಮೆಟ್‌ಫಾರ್ಮಿನ್, ಬಿಪಿಗೊಂದು, ಕೊಲೆಸ್ಟರಾಲಿಗೊಂದು. 2024ರ ಮೇಯಿಂದ ಇಲ್ಲಿ ಒಂದೊಂದಕ್ಕೆ 9.90 ಪೌಂಡ್, ಮೂರಕ್ಕೆ 29.70. ವಿನಾಯಿತಿಗೆಂದು ಎಫ್‌ಪಿ92ಎ ಫಾರ್ಮು ತುಂಬಿ ಕೊಟ್ಟರೆ ಜಿಪಿ ಕ್ಲಿನಿಕ್ಕಿನವರು ಕಳೆದುಹಾಕಿದರು. ಎರಡನೇ ಸಲ ಕೊಟ್ಟ ಮೇಲೆ ಪುಕ್ಕಟೆ ಔಷಧದ ಸರ್ಟಿಫಿಕೇಟು ಬಂತು, ಐದು ವರ್ಷಕ್ಕೆ. ಅಂದಿನಿಂದ ಒಂದು ಮಾತ್ರೆಯನ್ನೂ ತಪ್ಪಿಸಿಲ್ಲ.

ಶುಗರ್ ನೋಯುವ ಕಾಯಿಲೆಯಲ್ಲ. ಹಲ್ಲು ನೋವಾದರೆ ಸಾಲ ಮಾಡಿಯಾದರೂ ಡಾಕ್ಟರ ಹತ್ತಿರ ಓಡುತ್ತೇವೆ. ಇವತ್ತು ಶುಗರ್ ಮಾತ್ರೆ ಬಿಟ್ಟರೆ ಇವತ್ತು ಏನೂ ಆಗುವುದಿಲ್ಲ, ಹಾಗಾಗಿ ಕೈ ಬಿಗಿಯಾದ ತಿಂಗಳು ಮೊದಲು ಬಿಡುವುದೇ ಅದನ್ನು. ಕಣ್ಣು, ಕಿಡ್ನಿ, ಕಾಲು ಹೋದಾಗ ದುಡ್ಡು ಕೊಡುವುದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಅದೇ ಎನ್‌ಎಚ್‌ಎಸ್ ತಾನೆ? ಅಸ್ತಮಾದವರಿಗೆ ವಿನಾಯಿತಿ ಇಲ್ಲ, ಶುಗರಿನವರಿಗೇಕೆ ಎಂದು ಕೆಲವರು ಕೇಳುತ್ತಾರೆ. ಪಕ್ಕದವನ ತಟ್ಟೆ ಖಾಲಿ ಇದೆಯೆಂದು ನನ್ನ ತಟ್ಟೆಗೂ ನೀರು ಸುರಿಯಬೇಕಂತೆ!

ವಿರೋಧ

ಬೇರೆ ಯಾರೂ ಒಪ್ಪಲಿಲ್ಲವೆಂದು ನನ್ನನ್ನು ಈ ಕಡೆ ಕೂರಿಸಿದ್ದಾರೆ. ಆ ಸರ್ಟಿಫಿಕೇಟು ನನ್ನ ಹತ್ತಿರವೂ ಇದೆ, ಮೊದಲೇ ಹೇಳಿಬಿಡುತ್ತೇನೆ.

ಇಂಗ್ಲೆಂಡಿನಲ್ಲಿ 1965ರಲ್ಲಿ ತೆಗೆದ ಔಷಧ ಶುಲ್ಕ 1968ರಲ್ಲಿ ವಾಪಸ್ ಬಂತು, ಜೊತೆಗೆ ವಿನಾಯಿತಿಯ ಕಾಯಿಲೆಗಳ ಪಟ್ಟಿಯೂ ಬಂತು. ಶುಗರ್ ಅದರಲ್ಲಿತ್ತು, ಅಸ್ತಮಾ ಇರಲಿಲ್ಲ, ಇಂದಿಗೂ ಇಲ್ಲ. ಕ್ಯಾನ್ಸರ್ ಸೇರಿದ್ದೇ 2009ರಲ್ಲಿ.

ನನ್ನ ಹೆಂಡತಿಗೆ ಅಸ್ತಮಾ. ಒಂದು ಚಳಿಗಾಲ ಇಬ್ಬರಿಗೂ ಎದೆ ಕಟ್ಟಿ, ಇಬ್ಬರಿಗೂ ಒಂದೇ ಆ್ಯಂಟಿಬಯೋಟಿಕ್ ಬರೆದರು. ಕೌಂಟರಿನ ಮೇಲೆ ಎರಡು ಪೊಟ್ಟಣ. ನನ್ನದಕ್ಕೆ ಬರೀ ಸಹಿ, ಅವಳದಕ್ಕೆ ದುಡ್ಡು. ಶುಗರಿಗೆ ಸಂಬಂಧವೇ ಇಲ್ಲದ ಔಷಧಕ್ಕೂ ನನಗೆ ಮಾಫಿ! "ನಿಮ್ಮ ಜಿಲೇಬಿಗೂ ನಾನೇ ಕಟ್ತಾ ಇದೀನಿ ಬಿಡಿ" ಅಂದಳು. ಈಗ ಎಲ್ಲ ಔಷಧಕ್ಕೂ ಸೇರಿ ವರ್ಷಕ್ಕೆ 114.50 ಪೌಂಡಿನ ಪಾಸು ಮಾಡಿಸಿಕೊಂಡಿದ್ದಾಳೆ. ಸಾಫ್ಟ್‌ವೇರ್ ಸಂಬಳದ ನಾನೂ ಅಷ್ಟು ಕಟ್ಟಬಲ್ಲೆ. 60 ದಾಟಿದವರಿಗೆ, ಕಡಿಮೆ ಆದಾಯದ ಬಹಳ ಜನರಿಗೆ ಹೇಗೂ ಬೇರೆ ದಾರಿಯಲ್ಲಿ ವಿನಾಯಿತಿ ಇದೆ.

ಇನ್ನೊಂದು ತಮಾಷೆ. ಅನ್ನ ಬಿಟ್ಟು, ದಿನಾ ನಡೆದು, ಬರೀ ಪಥ್ಯದಲ್ಲೇ ಶುಗರ್ ಹತೋಟಿಯಲ್ಲಿಟ್ಟವನಿಗೆ ಈ ಸರ್ಟಿಫಿಕೇಟು ಸಿಗುವುದಿಲ್ಲ. ಮಾತ್ರೆ ಶುರುವಾದ ನನಗೆ ಸಿಗುತ್ತದೆ.

ವೇಲ್ಸಿನಲ್ಲಿ 2007ರಿಂದ, ಸ್ಕಾಟ್ಲೆಂಡಿನಲ್ಲಿ 2011ರಿಂದ ಎಲ್ಲರಿಗೂ ಪುಕ್ಕಟೆ. ಅದೇ ಸರಿ ಅಂತ ಬರೆದರೆ ಆಚೆ ಕಡೆ ಹೋಗಿ ಕೂತ ಹಾಗಾಗುತ್ತದೆ, ಆದ್ದರಿಂದ ಬರೆಯುವುದಿಲ್ಲ.

ನನ್ನ ಸರ್ಟಿಫಿಕೇಟು ಮುಂದಿನ ತಿಂಗಳು ಮುಗಿಯುತ್ತದೆ. ಮರೆತು ಪುಕ್ಕಟೆ ತಂದರೆ 100 ಪೌಂಡಿನವರೆಗೂ ದಂಡ. ಹೊಸ ಫಾರ್ಮನ್ನು ಹೆಂಡತಿಯೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.