ಕೈಯಳತೆ ನಡೆಯದ ಅಡುಗೆ

ಹುಳಿಗೆ ಉಪ್ಪು ಹೆಚ್ಚಾದರೆ ಒಂದು ಲೋಟ ನೀರು ಸುರಿದು ಮಾನ ಉಳಿಸಿಕೊಳ್ಳಬಹುದು. ಮುಚ್ಚಳ ಒತ್ತಿಟ್ಟ ಬಿಯರಿಗೆ ಸಕ್ಕರೆ ಹೆಚ್ಚಾದರೆ ಅದು ತಾನೇ ಹೊರಗೆ ಬಂದು ಹೇಳುತ್ತದೆ, ಗ್ಯಾರೇಜಿನಲ್ಲಿ, ನಡುರಾತ್ರಿ.

ಬಾಟಲಿಗೆ ತುಂಬುವಾಗ ಹಾಕುವ ಸಕ್ಕರೆಯನ್ನು ಒಳಗಿನ ಯೀಸ್ಟ್ ತಿಂದು ಗ್ಯಾಸ್ ಮಾಡುತ್ತದೆ; ಸಕ್ಕರೆ ಹೆಚ್ಚಾದರೆ ಗ್ಯಾಸೂ ಹೆಚ್ಚು. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳಲು 1978ರ ಕಾನೂನು ದಾರಿ ಬಿಟ್ಟಿತು. ಸಕ್ಕರೆಯನ್ನು ಚಮಚದಲ್ಲಿ ಅಂದಾಜು ಮಾಡಿ ಅಂತ ಅದರಲ್ಲೆಲ್ಲೂ ಬರೆದಿಲ್ಲ. ಅಲ್ಲಿಯವರು ಒಂದು ಸಲಕ್ಕೆ ಮಾಡುವುದು ಸಾಮಾನ್ಯವಾಗಿ ಐದು ಗ್ಯಾಲನ್, ಅಂದರೆ 19 ಲೀಟರ್. ಹುದುಗು ಮುಗಿಸಿ 20 ಡಿಗ್ರಿಯಲ್ಲಿ ಕೂತ ಬಿಯರಿನಲ್ಲಿ ಆಗಲೇ ಸುಮಾರು 0.85 ವಾಲ್ಯೂಮ್ ಗ್ಯಾಸ್ ಕರಗಿರುತ್ತದೆ (ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರ್ ಗ್ಯಾಸ್ ಕರಗಿದ್ದರೆ ಒಂದು ವಾಲ್ಯೂಮ್). ಪೇಲ್ ಏಲ್ ಎಂಬ ಬಗೆಯ ಬಿಯರಿಗೆ 2.4 ಸಾಕು. ಲೀಟರಿಗೆ 4 ಗ್ರಾಂ ಸಕ್ಕರೆ ಹಾಕಿದರೆ ಸುಮಾರು ಒಂದು ವಾಲ್ಯೂಮ್. ಲೆಕ್ಕ ಹಾಕಿ: ಒಟ್ಟು 118 ಗ್ರಾಂ. ತಕ್ಕಡಿಯಲ್ಲಿ ತೂಗಿ, ಎರಡು ಲೋಟ ನೀರಿನಲ್ಲಿ ಕುದಿಸಿ, ಆರಿಸಿ, ಖಾಲಿ ಬಕೆಟ್ಟಿನ ತಳಕ್ಕೆ ಮೊದಲು ಸುರಿದು ಅದರ ಮೇಲೆ ಬಿಯರ್ ಇಳಿಸಬೇಕು. ಮೆಲ್ಲಗೆ ತಿರುವದಿದ್ದರೆ ಅರ್ಧದಷ್ಟು ಬಾಟಲಿಗಳು ಕಷಾಯ, ಇನ್ನರ್ಧ ಪಟಾಕಿ.

ಫ್ರಿಜ್ಜಿನಲ್ಲಿಟ್ಟು ತಿಳಿಯಾಗಿಸಿದ ಬಿಯರಿನ ಲೆಕ್ಕಕ್ಕೆ ಫ್ರಿಜ್ಜಿನ 2 ಡಿಗ್ರಿ ಹಿಡಿಯಬೇಡಿ. ಹುದುಗು ಮುಗಿದ ಮೇಲೆ ಅದು ಕಂಡ ಅತಿ ಹೆಚ್ಚಿನ ಶಾಖವನ್ನೇ ಹಿಡಿಯಬೇಕು; ಆಗ ಹಾರಿಹೋದ ಗ್ಯಾಸ್ ತಣ್ಣಗಾದಾಗ ವಾಪಸು ಬರುವುದಿಲ್ಲ.

ಆದರೆ ಬಾಟಲಿ ಒಡೆಯಲು ಹೆಚ್ಚಿನ ಸಲ ಕಾರಣ ಸಕ್ಕರೆಯಲ್ಲ, ಆತುರ. ಬುರುಗು ಇಳಿದಿದೆ, ಗುಳುಗುಳು ನಿಂತಿದೆ ಎಂದು ತುಂಬಿಸುವುದು. ಯೀಸ್ಟ್ ಇನ್ನೂ ಅನ್ನ-ಸಾರಿನಲ್ಲೇ ಇರುವಾಗ ಪಾಯಸ ಬಡಿಸಿದ ಹಾಗೆ. ಅದಕ್ಕೆ ಸಂಕೋಚವಿಲ್ಲ, ಎರಡನ್ನೂ ಮುಗಿಸುತ್ತದೆ. ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಬರೀ 0.004 ಇಳಿಯುವುದು ಬಾಕಿಯಿದ್ದರೆ ಸುಮಾರು ಎರಡು ವಾಲ್ಯೂಮ್ ಹೆಚ್ಚುವರಿ. ಒಟ್ಟು 4.4 ವಾಲ್ಯೂಮಿನ ಒತ್ತಡ ತಡೆಯಲು ಮಾಮೂಲಿ ಬಿಯರ್ ಬಾಟಲಿ ಹುಟ್ಟಿಲ್ಲ. ತುಂಬುವ ಮೊದಲು ಮೂರು ದಿನ ಹೈಡ್ರೋಮೀಟರಿನ ಅಂಕಿ ಅಲುಗಾಡಬಾರದು. ಎಲ್ಲ ಸರಿಯಿದ್ದೂ ತಿಂಗಳುಗಳಾದ ಮೇಲೆ ಉಕ್ಕತೊಡಗಿದರೆ ತೊಳೆಯದ ಕೊಳವೆಯಿಂದ ಕಾಡು ಯೀಸ್ಟ್ ಬಂದಿರಬಹುದು. ನಮ್ಮ ಯೀಸ್ಟ್ ಮುಟ್ಟದೆ ಬಿಟ್ಟ ಡೆಕ್ಸ್‌ಟ್ರಿನ್ ಎಂಬ ಪಿಷ್ಟದ ತುಣುಕುಗಳು ಅದಕ್ಕೆ ಮೃಷ್ಟಾನ್ನ.

ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಯನ್ನೂ ತುಂಬಿ ಜೊತೆಗಿಡಿ. 20 ಡಿಗ್ರಿಯಲ್ಲಿ ಎರಡು ವಾರ. ಹಿಸುಕಿದರೆ ಕಲ್ಲಿನಂತಿದ್ದರೆ ಎಲ್ಲವನ್ನೂ ಫ್ರಿಜ್ಜಿಗೆ ಸಾಗಿಸಿ. ಮಿತಿಮೀರಿದೆ ಎನಿಸಿದರೆ ಕನ್ನಡಕ, ದಪ್ಪ ಕೈಗವಸು ಹಾಕಿ, ಚೆನ್ನಾಗಿ ತಣಿದ ಮೇಲೆ ಬಾಟಲಿಗೆ ಟವೆಲ್ ಸುತ್ತಿ, ಮುಚ್ಚಳದ ಅಂಚು ಕೂದಲೆಳೆಯಷ್ಟು ಎತ್ತಿ ಗ್ಯಾಸ್ ಬಿಡಿ, ಹೊಸ ಮುಚ್ಚಳ ಒತ್ತಿ. ಈ ಕೆಲಸ ಬಚ್ಚಲಲ್ಲೇ ಆಗಲಿ. ಅಡುಗೆಮನೆಯ ಸೂರು ಒರೆಸಲು ಏಣಿ ಬೇಕಾಗುತ್ತದೆ.