ಒಂದೆಳೆ ಪಾಕ, ನಾಲ್ಕೆಳೆ ಮಿಣಿ

"ಓದ್ದೇ ಇದ್ರೆ ದನ ಕಾಯೋಕೆ ಹೋಗ್ತೀಯ, ನೋಡ್ತಿರು." ಅಮ್ಮ ಈ ಮಾತು ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಗಣಿತದಲ್ಲಿ 42 ಬಂದಾಗ ಹೇಳಿದಳು, 82 ಬಂದಾಗಲೂ ಹೇಳಿದಳು. ಹೆದರಿ ಓದಿದೆ. ಗಣಿ ಎಂಜಿನಿಯರಿಂಗ್ ಮುಗಿಸಿ, ಎಲ್ಲೆಲ್ಲೋ ಸುತ್ತಿ, ಕೊನೆಗೆ ಅಮೆರಿಕದ ನೆವಾಡಾ ರಾಜ್ಯದ ಎಲ್ಕೋ ಅನ್ನುವ ಊರಿಗೆ ಬಂದು ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿದೆ. ಈಗ 46ನೇ ವಯಸ್ಸಿನಲ್ಲಿ, ಶನಿವಾರ ಶನಿವಾರ ಜೇಬಿನಿಂದ ಡಾಲರ್ ಎಣಿಸಿ ಕೊಟ್ಟು, ದನ ಕಾಯುವವರ ಹಗ್ಗ ಹೆಣೆಯೋದು ಕಲಿಯುತ್ತಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ತಪ್ಪು ಪೂರ್ತಿ ನನ್ನದಲ್ಲ, ಈ ಊರಿನದೂ ಇದೆ. 1985ರಲ್ಲಿ ಶುರುವಾದ ಕೌಬಾಯ್ ಕವಿಗಳ ಮೇಳ ಇಲ್ಲಿ ಜನವರಿ ಕೊನೆಗೆ ನಡೆಯುತ್ತದೆ. ಹೌದು, ದನ ಕಾಯುವವರ ಕವಿಗೋಷ್ಠಿ. ಶಾಲಿಲ್ಲ, ಹಾರವಿಲ್ಲ, ಹಣ್ಣಿನ ಬುಟ್ಟಿಯಿಲ್ಲ. ದೊಡ್ಡ ಟೋಪಿಯವರು ಎದ್ದು ನಿಂತು, ಹಾಳೆಯನ್ನೂ ನೋಡದೆ, ಹಿಮದಲ್ಲಿ ಸಿಕ್ಕಿಕೊಂಡ ಕರುವಿನ ಮೇಲೆ ಪದ್ಯ ಹೇಳಿ ಕೂತುಬಿಡುತ್ತಾರೆ. ಅಧ್ಯಕ್ಷರ ಭಾಷಣವಿಲ್ಲದ ಕವಿಗೋಷ್ಠಿ ನಾನು ಜನ್ಮದಲ್ಲಿ ನೋಡಿದ್ದು ಅದೇ ಮೊದಲು.

ಅಲ್ಲೇ ಒಬ್ಬರ ಕೈಯಲ್ಲಿ ಆ ಹಗ್ಗ ಕಂಡಿದ್ದು. ರಿಯಾಟಾ. ಹಸಿದೊಗಲಿನ ಎಳೆಗಳನ್ನು ಹೆಣೆದು ಮಾಡಿದ್ದು. 60 ಅಡಿ, ಕೆಲವು 80 ಅಡಿ ಉದ್ದ. ಜೇನಿನ ಬಣ್ಣ, ಹಾವಿನ ಮೈ. ಸ್ಪೇನಿನವರು ಮೆಕ್ಸಿಕೋಗೆ ತಂದ ಈ ವಿದ್ಯೆ ಕ್ಯಾಲಿಫೋರ್ನಿಯಾ ದಾಟಿ ಇಲ್ಲಿಗೆ ಬಂತು. ಬರುವ ದಾರಿಯಲ್ಲಿ ‘ಲಾ ರಿಯಾಟಾ’ ಸವೆದು ‘ಲ್ಯಾರಿಯಟ್’ ಆಯಿತು. ‘ವಕೇರೊ’, ಅಂದರೆ ಹಸು ಕಾಯುವವ, ‘ಬಕರೂ’ ಆದ. ಕುದುರೆಯ ಕೂದಲಿನ ಹಗ್ಗಕ್ಕೆ ‘ಮೆಕಾತೆ’ ಅಂತಿದ್ದರಂತೆ. ಅದು ಇವರ ಬಾಯಲ್ಲಿ ‘ಮೆಕಾರ್ಟಿ’ ಆಗಿ, ಯಾರೋ ದೊಡ್ಡ ವಕೀಲರ ಹೆಸರಿನ ಹಾಗೆ ಕೇಳಿಸುತ್ತದೆ.

ಮೇಳದಲ್ಲಿ ಕೈಕೆಲಸ ಕಲಿಸುವ ತರಗತಿಗಳೂ ಇರುತ್ತವೆ. ನಾನು ವಿಚಾರಿಸುವಷ್ಟರಲ್ಲಿ ಸೀಟು ತುಂಬಿತ್ತು. ಇರಲಿ, ವಿಡಿಯೋ ಇದೆಯಲ್ಲ ಅಂದುಕೊಂಡೆ. ಎಂಜಿನಿಯರುಗಳಿಗೆ ಇರುವ ರೋಗ ಅದು.

ಮೊದಲು ಸಾಮಾನು ಬೇಕಲ್ಲ. ಅಂಗಡಿಗೆ ಹೋಗಿ ಹಸಿದೊಗಲು ಎಲ್ಲಿದೆ ಅಂತ ಕೇಳಿದೆ. ಹುಡುಗಿ ನಗುನಗುತ್ತಾ ಕರೆದುಕೊಂಡು ಹೋಗಿ ನಾಯಿ ತಿಂಡಿಯ ಸಾಲಿನಲ್ಲಿ ನಿಲ್ಲಿಸಿದಳು. ನಾಯಿಗಳು ಕಚ್ಚುವ ಆ ಬಿಳಿ ಮೂಳೆ ಇದೆಯಲ್ಲ, ಅದು ಮೂಳೆಯೇ ಅಲ್ಲ, ಸುತ್ತಿಟ್ಟ ಹಸಿದೊಗಲು!

"ನಿಮ್ಮ ನಾಯಿ ಎಷ್ಟು ದೊಡ್ಡದು?" ಅಂದಳು.

"ನಾಯಿ ಇಲ್ಲ. ನನಗೇ ಬೇಕಾಗಿತ್ತು."

ಅವಳ ನಗು ಅಲ್ಲೇ ನಿಂತಿತು. ನಾನು ದೊಡ್ಡ ಸೈಜಿನದೇ ಎರಡು ತಗೊಂಡೆ.

ನೆನೆಸಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ ಅನ್ನೋದು ನನ್ನ ಲೆಕ್ಕ. ಲೆಕ್ಕವೇನೋ ಸರಿಯಿತ್ತು, ಪಾತ್ರೆ ತಪ್ಪಾಯಿತು. ಬೆಳಗ್ಗೆ ಹೆಂಡತಿ ಇಡ್ಲಿಗೆ ರುಬ್ಬಲು ಎದ್ದು ನೋಡಿದರೆ, ಒಂದು ಪಾತ್ರೆಯಲ್ಲಿ ಅಕ್ಕಿ, ಒಂದರಲ್ಲಿ ಉದ್ದಿನಬೇಳೆ, ಮೂರನೆಯದರಲ್ಲಿ ದನದ ಚರ್ಮ. "ರೀ..." ಅಂದಳು. ಒಂದೇ ಅಕ್ಷರ. ಆದರೆ ಅದನ್ನು ಎಳೆದ ಉದ್ದಕ್ಕೆ ಒಂದು ರಿಯಾಟಾ ಆಗುತ್ತಿತ್ತು. ಆ ಮೂರೂ ಪಾತ್ರೆ ಈಗ ಗ್ಯಾರೇಜಿನಲ್ಲಿವೆ.

ಬಿಚ್ಚಿದ ಚರ್ಮ ಕತ್ತರಿಸಿ, ವಿಡಿಯೋ ನಿಲ್ಲಿಸಿ ನಿಲ್ಲಿಸಿ ನಾಲ್ಕೆಳೆ ಹೆಣೆಯಲು ಕೂತೆ. ಪರದೆಯ ಮೇಲಿನ ಮನುಷ್ಯನ ಬಲಗೈ ನನ್ನ ಎಡಗೈ ಕಡೆ. ಅವನು ಮೇಲೆ ಅಂದಾಗ ನನ್ನದು ಕೆಳಗೆ. ಎರಡು ವಾರ ಕಳೆದರೂ ಕೈಗೆ ಹತ್ತಲಿಲ್ಲ. ಮಗಳ ಜಡೆ ಮೇಲಾದರೂ ಅಭ್ಯಾಸ ಮಾಡೋಣ ಅಂತ ಒಂದು ಬೆಳಗ್ಗೆ ಕೂರಿಸಿಕೊಂಡೆ. ಹೆಣೆದಿದ್ದೇನೋ ಆಯಿತು. ಸಂಜೆ ಬಿಚ್ಚಲು ಅವಳಮ್ಮ ಕೊಬ್ಬರಿ ಎಣ್ಣೆ ಬಾಟಲಿ ತಂದಳು.

ಕೊನೆಗೆ ಕುದುರೆ ಜೀನು ಮಾರುವ ಅಂಗಡಿಯೊಂದರಲ್ಲಿ ಒಬ್ಬರ ವಿಳಾಸ ಸಿಕ್ಕಿತು. ಊರಾಚೆ ಒಬ್ಬ ಅಜ್ಜ. ಜೀವನಪೂರ್ತಿ ಕುದುರೆ ಮೇಲೆ ದನ ಕಾದವರು. ಫೋನ್ ಎತ್ತುವುದಿಲ್ಲ, ಶನಿವಾರ ಬೆಳಗ್ಗೆ ಸುಮ್ನೆ ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಲ್ಲಬೇಕು, ಚಾಕು ನಮ್ಮದೇ ಇರಬೇಕು ಅಂದರು. ಹೋಗಿ ನಿಂತೆ. ಅಜ್ಜ ನನ್ನ ನಾಯಿ ಮೂಳೆಯ ಹೆಣಿಗೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದು ಚರ್ಮ ಸೀಳಿದ ಮೇಲೆ ಉಳಿಯುವ ಒಳಪದರ, ಇದಕ್ಕೆ ಕಸುವೇ ಇಲ್ಲ ಅಂದರು. ಪಕ್ಕದಲ್ಲಿ ಅವರ ನಾಯಿ ಕೂತಿತ್ತು. ಅದರ ಕಡೆ ಎಸೆದರು. ಅದು ಐದು ನಿಮಿಷದಲ್ಲಿ ನನ್ನ ಎರಡು ವಾರದ ಕೆಲಸ ಮುಗಿಸಿತು.

ಸಂಗೀತದ ಮೇಷ್ಟ್ರು ಸರಳೆ ವರಸೆ ಬಿಟ್ಟು ಮುಂದೆ ಹೋಗದ ಹಾಗೆ, ಈ ಅಜ್ಜ ಮೊದಲ ನಾಲ್ಕು ಶನಿವಾರ ಹೆಣೆಯಲೇ ಬಿಡಲಿಲ್ಲ. ಬರೀ ಎಳೆ ತೆಗೆಯೋದು. ದುಂಡಗೆ ಕತ್ತರಿಸಿದ ಚರ್ಮದ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ಒಳಗೆ ಹೋಗಬೇಕು, ಚಕ್ಕುಲಿಯನ್ನು ತಿರುಗಾಮುರುಗಾ ಬಿಚ್ಚಿದ ಹಾಗೆ. ಅಗಲ ಒಂದೇ ಸಮ ಇರಬೇಕು. ಆಮೇಲೆ ಪ್ರತಿ ಎಳೆಯ ಎರಡೂ ಅಂಚನ್ನು ಓರೆಯಾಗಿ ಹೆರೆಯಬೇಕು, ಇಲ್ಲದಿದ್ದರೆ ಹೆಣಿಗೆ ಒತ್ತಾಗಿ ಕೂರುವುದಿಲ್ಲ. ನನ್ನ ಎಳೆ ಒಂದು ಕಡೆ ಶಾವಿಗೆ, ಇನ್ನೊಂದು ಕಡೆ ರಿಬ್ಬನ್ ಪಕೋಡ. "ಎಂಜಿನಿಯರ್ ಅಂದೆಯಲ್ಲ?" ಅಂತ ಅಜ್ಜ ಕೇಳಿದರು. ನಿಜಕ್ಕೂ ಅನುಮಾನ ಬಂದ ದನಿಯಲ್ಲಿ.

ಐದನೇ ಶನಿವಾರ ಹೆಣೆಯಲು ಬಿಟ್ಟರು. ಆಗ ಶುರುವಾಯಿತು ನೋಡಿ ನಿಜವಾದ ಫಜೀತಿ. ನೀರಿನ ಲೆಕ್ಕ. ಮನೆಯಲ್ಲಿ ಚೆನ್ನಾಗಿ ನೆನೆಸಿ, ಬಿಗಿಯಾಗಿ ಎಳೆದು ಎಳೆದು ಒಂದು ಗೇಣು ಹೆಣೆದೆ. ಏನು ಅಂದ! ರಾತ್ರಿ ಎರಡು ಸಲ ಎದ್ದು ಹೋಗಿ ನೋಡಿ ಬಂದೆ. ಬೆಳಗ್ಗೆ ನೋಡಿದರೆ ಹಳೇ ಮಂಚದ ನವಾರಿನ ಹಾಗೆ ಜೋಲು. ಒದ್ದೆ ಎಳೆ ಉಬ್ಬಿರುತ್ತದೆ, ಒಣಗಿದಾಗ ಕುಗ್ಗುತ್ತದೆ, ಎಳೆ ಎಳೆಗೂ ಮಧ್ಯೆ ಕಿಂಡಿ ಬೀಳುತ್ತದೆ. ಸರಿ, ಮುಂದಿನ ಸಲ ನೀರು ಕಮ್ಮಿ ಮಾಡಿದೆ. ಎಲ್ಕೋ ಇರುವುದು 5,000 ಅಡಿಗೂ ಎತ್ತರದ ಒಣ ಬಯಲಲ್ಲಿ, ತೊಳೆದ ಟವಲ್ ಮಡಚುವಷ್ಟರಲ್ಲಿ ಒಣಗಿರುತ್ತದೆ. ಎಳೆ ಹಪ್ಪಳದ ಹಾಗೆ ಪಟ್ ಅಂತು.

ಅಜ್ಜನನ್ನು ಕೇಳಿದರೆ ಅವರ ಹತ್ತಿರ ಅಂಕಿಯೇ ಇಲ್ಲ. ಎಳೆಯನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ. ತಣ್ಣಗಿರಬೇಕು, ಆದರೆ ಒದ್ದೆ ಅನ್ನಿಸಬಾರದು. ಅಷ್ಟೇ. ನಾನೂ ಒತ್ತಿಕೊಂಡೆ. ನನ್ನ ಕೆನ್ನೆಗೆ ಏನೂ ಗೊತ್ತಾಗಲಿಲ್ಲ.

ಇದನ್ನೆಲ್ಲ ಹೆಂಡತಿಗೆ ಹೇಳುತ್ತಾ ಕೂತಿದ್ದೆ. ಅವಳು ಒಲೆ ಮುಂದೆ ನಿಂತು ಮೈಸೂರು ಪಾಕಿಗೆ ಸಕ್ಕರೆ ಪಾಕ ಹಿಡಿಯುತ್ತಿದ್ದಳು. ಹೆಬ್ಬೆರಳು ತೋರುಬೆರಳ ನಡುವೆ ಒಂದು ತೊಟ್ಟು ಹಿಡಿದು ಎಳೆದಳು. ಸಣ್ಣ ದಾರ ಎದ್ದಿತು. ಒಲೆ ಆರಿಸಿ, "ಹದ ಅಂದ್ರೆ ಹದ ಕಣ್ರೀ. ಅದನ್ನ ಹೇಗೆ ಹೇಳಿಕೊಡ್ತಾರೆ?" ಅಂದಳು.

ತಮಾಷೆ ನೋಡಿ. ನಮ್ಮಲ್ಲಿ ‘ಚರ್ಮ ಹದ ಮಾಡೋದು’ ಅಂದರೆ ತಂಗಡಿ ತೊಗಟೆ ಗಿಗಟೆ ಹಾಕಿ ಕೊಳೆಯದ ಹಾಗೆ ಮಾಡೋದು. ಹಸಿದೊಗಲು ಅಂದರೆ ಹದ ಮಾಡದ ಚರ್ಮ. ಆ ಹದ ಮಾಡದ ಚರ್ಮಕ್ಕೆ ಹದ ಬರಿಸೋದು ಹೇಗೆ ಅಂತ ನಾನು ಡಾಲರ್ ಸುರಿದು ಕಲಿಯುತ್ತಿರುವುದು. ಅವಳು ಕೈ ಒರೆಸಿಕೊಂಡು ಬಂದು ಒದ್ದೆ ಟವಲಿನಲ್ಲಿ ಸುತ್ತಿಟ್ಟಿದ್ದ ಎಳೆಯನ್ನು ಒಮ್ಮೆ ಹಿಸುಕಿದಳು. "ಇನ್ನೂ ಹಸಿ ಇದೆ. ಒಬ್ಬಟ್ಟಿನ ಕಣಕದ ಥರ ಆಗಲಿ. ಅರ್ಧ ಗಂಟೆ ಬಿಡಿ." ಬಿಟ್ಟೆ. ಹೆಣೆದೆ. ಮಾರನೇ ದಿನವೂ ಕಿಂಡಿ ಬೀಳಲಿಲ್ಲ. ಇದನ್ನು ಅಜ್ಜನಿಗೆ ಹೇಳಿದ್ದೇ ತಪ್ಪಾಯಿತು. ಈಗ ಹೋದಾಗಲೆಲ್ಲ, ನಿನ್ನ ಹೆಂಡತಿ ಯಾವಾಗ ಸೇರುತ್ತಾಳೆ ಅಂತ ಕೇಳುತ್ತಾರೆ.

ಅಪ್ಪನಿಗೆ ಮಾತ್ರ ಫೋನಿನಲ್ಲಿ ಗುಟ್ಟಾಗಿ ಹೇಳಿದೆ. ಅಮ್ಮ ಪಕ್ಕದಲ್ಲಿಲ್ಲ ತಾನೇ ಅಂತ ಖಾತ್ರಿ ಮಾಡಿಕೊಂಡೇ ಹೇಳಿದ್ದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದು ಮಿಣಿ ಕಣೋ. ನಿಮ್ಮ ತಾತ ನೇಗಿಲು ನೊಗಕ್ಕೆ ಕಟ್ತಿದ್ರಲ್ಲ, ಅದೇ. ಬಾವಿ ಕಪಿಲೆಗೂ ಇತ್ತು. ಹಟ್ಟಿಯಲ್ಲಿ ನೇತು ಹಾಕಿರ್ತಿದ್ರು, ನೀನು ಅದರ ಕೆಳಗೇ ಕೂತು ಮಗ್ಗಿ ಹೇಳ್ತಿದ್ದೆ" ಅಂದರು. ಇನ್ನೂ ಸ್ವಲ್ಪ ಬಿಟ್ಟು, "ಇಲ್ಲೇ ಬಿಟ್ಟಿಯಾಗಿ ಕಲಿಸ್ತಿದ್ರಲ್ಲೋ" ಅಂದರು.

ಕಳೆದ ವಾರ ಮೊದಲ ಸಲ ಒಂದು ಪೂರ್ತಿ ವಸ್ತು ಮುಗಿಸಿದೆ. ದೊಡ್ಡದೇನಲ್ಲ, ಬೀಗದ ಕೈಗೆ ಹಾಕುವ ನಾಲ್ಕೆಳೆಯ ಒಂದು ತುಂಡು. ರಾತ್ರಿ ಹನ್ನೊಂದಕ್ಕೆ, ಇನ್ನೆರಡು ಇಂಚು ಬಾಕಿ ಇದ್ದಾಗ, ಎಳೆ ಜಾರಲಿ ಅಂತ ಹಚ್ಚುವ ಜೀನಿನ ಸೋಪು ಖಾಲಿ. ಬಚ್ಚಲಿಗೆ ಹೋದೆ. ಬೆಂಗಳೂರಿಂದ ಸೂಟ್‌ಕೇಸಿನಲ್ಲಿ ತಂದ ಮೈಸೂರು ಸ್ಯಾಂಡಲ್ ಇತ್ತು. ಸೋಪು ಅಂದರೆ ಸೋಪು, ಅಲ್ವಾ? ಉಜ್ಜಿ ಮುಗಿಸಿದೆ.

ಶನಿವಾರ ಅಜ್ಜನ ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು, ಬಗ್ಗಿಸಿ ನೋಡಿದರು, ಏನೂ ಹೇಳದೆ ನಾಯಿಗೆ ಸಿಳ್ಳೆ ಹಾಕಿದರು. ನನ್ನ ಎದೆ ಧಸಕ್ ಅಂತು. ನಾಯಿ ಓಡಿ ಬಂದು ಮೂಗು ಹತ್ತಿರ ತಂದಿತು. ಜೋರಾಗಿ ಎರಡು ಸಲ ಸೀನಿ ಹೊರಟೇ ಹೋಯಿತು.

ಅಜ್ಜ ಹುಬ್ಬು ಗಂಟಿಕ್ಕಿ ತಾವೇ ಮೂಸಿದರು. "ಏನಿದು?"

"ಗಂಧ. ನಮ್ಮೂರ ಸೋಪು."

ಇನ್ನೊಮ್ಮೆ ಮೂಸಿದರು. ಹೆಣಿಗೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ಮುಂದಿನ ಶನಿವಾರ ಬರುವಾಗ ಎರಡು ಸೋಪು ತಗೊಂಡು ಬಾ" ಅಂದರು. "ಒಂದು ನನ್ನ ಹೆಂಡತಿಗೆ."