ಎಬಿಎಸ್ ಇದ್ದರೆ ಬಡಾವಣೆಯೊಳಗೆ 50ರ ವೇಗ ಪರವಾಗಿಲ್ಲವೇ?

"ಎಬಿಎಸ್ ಇರುವ ಕಾರಿಗೆ ಮನೆಗಳ ನಡುವಿನ ರಸ್ತೆಯಲ್ಲಿ 30 ಕಿ.ಮೀ. ಮಿತಿ ಬೇಕಿಲ್ಲ, 50ರಲ್ಲಿದ್ದರೂ ಥಟ್ಟನೆ ನಿಲ್ಲುತ್ತದೆ" ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ. ಎಬಿಎಸ್ ಎಂದರೆ ಆಂಟಿ-ಲಾಕ್ ಬ್ರೇಕಿಂಗ್ ಸಿಸ್ಟಮ್, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಜಾರುವುದನ್ನು ತಡೆಯುವ ವ್ಯವಸ್ಥೆ.

ನಿಂತ ವ್ಯಾನಿನ ಮರೆಯಿಂದ, ಸುಮಾರು 14 ಮೀಟರ್ ಮುಂದೆ, ಚೆಂಡಿನ ಹಿಂದೆ ಮಗುವೊಂದು ಓಡಿಬಂತು ಎನ್ನಿ. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿ ಕಾಲು ಬ್ರೇಕ್ ಒತ್ತಲು ಎಚ್ಚರದ ಚಾಲಕರಿಗೂ 1 ಸೆಕೆಂಡ್ ಹಿಡಿಯುತ್ತದೆ. 30ರಲ್ಲಿದ್ದರೆ ಅಷ್ಟರಲ್ಲಿ 8 ಮೀಟರ್ ಸಾಗಿ, ಒಣ ರಸ್ತೆಯಲ್ಲಿ ಇನ್ನೈದು ಮೀಟರಿಗೆ ಕಾರು ನಿಲ್ಲುತ್ತದೆ. ಮಗು ಉಳಿಯುತ್ತದೆ. 50ರಲ್ಲಿ ಆ ಒಂದೇ ಸೆಕೆಂಡಿಗೆ 14 ಮೀಟರ್ ಮುಗಿದಿರುತ್ತದೆ. ಬ್ರೇಕ್ ಹಿಡಿಯುವ ಮೊದಲೇ, ಪೂರ್ತಿ ವೇಗದಲ್ಲೇ ಡಿಕ್ಕಿ.

ಎಬಿಎಸ್ ಕೆಲಸ ಶುರುವಾಗುವುದೇ ಬ್ರೇಕ್ ಒತ್ತಿದ ಮೇಲೆ. ಚಕ್ರ ಲಾಕ್ ಆಗದಂತೆ ತಡೆದು ಸ್ಟೇರಿಂಗ್ ಹಿಡಿತ ಉಳಿಸುವುದು ಅದರ ಕೆಲಸ. ಸಡಿಲ ಜಲ್ಲಿ, ಮರಳಿನ ಮೇಲೆ ನಿಲ್ಲುವ ದೂರ ಹೆಚ್ಚಾಗಲೂಬಹುದು.

30ರ ಬದಲು 50ರಲ್ಲಿ ಹೋದರೆ ಉಳಿಯುವ ಸಮಯವಾದರೂ ಎಷ್ಟು? 1 ಕಿ.ಮೀ.ಗೆ 48 ಸೆಕೆಂಡ್, ಅದೂ ತಿರುವು, ಉಬ್ಬು ಯಾವುದೂ ಸಿಗದಿದ್ದರೆ.

ಸಾಲಾಗಿ ನಿಂತ ವಾಹನಗಳ ಪಕ್ಕ ಹೋಗುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದು ಬ್ರೇಕ್ ಪೆಡಲಿನ ಮೇಲೆ, ಒತ್ತದೆ, ಸಿದ್ಧವಾಗಿಟ್ಟುಕೊಳ್ಳಿ. ಗಾಡಿಗಳ ಅಡಿಯಲ್ಲಿ ಪುಟ್ಟ ಪಾದಗಳು ಕಾಣುತ್ತವೆಯೇ, ನೋಡುತ್ತಿರಿ.